ಶಾಲೆಯೂ ಬೇಕು, ಹೊತ್ತೂ ಬೇಕು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ದಕ್ಷಿಣ ಕನ್ನಡದಿಂದ ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದ ಹುಡುಗರ ಕಥೆ ನಮಗೆಲ್ಲ ಗೊತ್ತು. ಅವರಲ್ಲಿ ಕೆಲವರು ಮುಂದೆ ಬ್ಯಾಂಕು, ರೈಲ್ವೆ ಕಚೇರಿಗಳನ್ನು ಸೇರಿದರು, ವಕೀಲರಾದರು. ಎಷ್ಟೋ ಮಂದಿ ಮುಪ್ಪಿನವರೆಗೂ ಮೇಜು ಒರೆಸಿದರು. ಇದನ್ನು ಹಣೆಬರಹ ಎನ್ನುವುದು ಸುಲಭ. ನಾವು ಹಾಗೆನ್ನುವುದಿಲ್ಲ. ಬುದ್ಧಿ ಇಬ್ಬರಿಗೂ ಇತ್ತು. ಓದಲು ಹೊತ್ತು ಒಬ್ಬನಿಗೆ ಮಾತ್ರ ಸಿಕ್ಕಿತು.

ಹಗಲು ದುಡಿಯುವವರಿಗಾಗಿ ನಮ್ಮ ಹಿರಿಯರು ರಾತ್ರಿ ಶಾಲೆಗಳನ್ನು ಕಟ್ಟಿದರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಸಂಘದ ಗುರುನಾರಾಯಣ ರಾತ್ರಿ ಹೈಸ್ಕೂಲು ಇವನ್ನು ನೆನೆಯದೆ ಮುಂಬಯಿ ಕನ್ನಡಿಗರ ಏಳಿಗೆಯ ಮಾತಾಡಲಾಗದು. ಆದರೆ ಸಂಜೆಯೇ ಹೋಟೆಲಿಗೆ ಗಿರಾಕಿಗಳು ತುಂಬುವ ಸಮಯ. ಆಗ ಹುಡುಗನನ್ನು ಶಾಲೆಗೆ ಬಿಟ್ಟ ಧಣಿಗಳೂ ಇದ್ದರು. ಅವರ ಉಪಕಾರ ದೊಡ್ಡದು. ಬಿಡದ ಧಣಿಯ ಕೈಕೆಳಗೆ ಸಿಕ್ಕವನ ಗತಿಯೇನು? ಒಬ್ಬನ ಬಾಳು ಇನ್ನೊಬ್ಬನ ದಯೆಯ ಮೇಲೆ ನಿಲ್ಲಬಾರದು.

ಕಾಲೇಜಿನ ಮಾತೂ ಇದೇ. 1946ರಲ್ಲಿ ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ ಸಿದ್ಧಾರ್ಥ ಕಾಲೇಜನ್ನು ತೆರೆಯಿತು. ಅಲ್ಲಿ ಬೆಳಗ್ಗೆ ಪಾಠ ಕೇಳಿ ಆಮೇಲೆ ಕೆಲಸಕ್ಕೆ ಹೋಗಬಹುದಿತ್ತು. ಪಾಠದ ವೇಳೆ ಬದಲಾದದ್ದರಿಂದಲೇ ಎಷ್ಟೋ ದುಡಿಯುವವರಿಗೆ ಪದವಿ ಎಟುಕಿತು. ಓದಿ ಕಾಯಂ ನೌಕರಿ ಹಿಡಿದವನಿಗೆ ಭವಿಷ್ಯನಿಧಿಯ ಆಸರೆ ಸಿಕ್ಕಿತು. ಅವನ ಮಕ್ಕಳು ರಾತ್ರಿ ಶಾಲೆಯ ಹಂಗಿಲ್ಲದೆ ಹಗಲಿನ ಶಾಲೆಗೆ ಹೋದರು. ಒಬ್ಬ ಓದಿದರೆ ಎರಡು ತಲೆಮಾರು ಮೇಲೆದ್ದಿತು.

ಇಂದು ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು ಅಪರಾಧ. ಈಗ ಅಲ್ಲಿರುವವರು ಶಾಲೆಯನ್ನು ಅರ್ಧಕ್ಕೆ ಬಿಟ್ಟ ತರುಣರು. ಮಂಡಳಿಯ ಪರೀಕ್ಷೆಗೆ ಖಾಸಗಿಯಾಗಿ ಕೂರಬಹುದು. 1989ರಲ್ಲಿ ಸ್ಥಾಪನೆಯಾದ ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯವೂ ಇದೆ. ಬಾಗಿಲುಗಳು ಹೆಚ್ಚಿವೆ. ಆದರೆ ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಮಲಗುವವನು ಪುಸ್ತಕ ಹಿಡಿಯುವುದು ಯಾವಾಗ?

ಆದ್ದರಿಂದ ಸಂಬಳದ ಬೇಡಿಕೆಯ ಜೊತೆಗೆ ಹೊತ್ತಿನ ಬೇಡಿಕೆಯನ್ನೂ ಇಡೋಣ. ಓದುವವನಿಗೆ ದಿನಕ್ಕೆ ಎರಡು ಗಂಟೆ ಬಿಡುವು, ಪರೀಕ್ಷೆಗೆ ಸಂಬಳ ಸಹಿತ ರಜೆ: ಇವು ಕರಾರಿನಲ್ಲೇ ಬರೆಹವಾಗಿ ಬರಲಿ. ಮನೆಗೆಲಸಕ್ಕೆ ಹೋಗುವ ಸೋದರಿಯರಿಗೆ ರಾತ್ರಿಗಿಂತ ಮಧ್ಯಾಹ್ನದ ಬಿಡುವೇ ಅನುಕೂಲ. ನಮ್ಮ ಸಂಘದ ಕೋಣೆ ಆ ಹೊತ್ತಿನಲ್ಲಿ ಖಾಲಿಯಿರುತ್ತದೆ. ಅದನ್ನು ತೆರೆಯಲು ಯಾರ ಅಪ್ಪಣೆಯೂ ಬೇಡ. ಮೊದಲ ಕೆಲಸವನ್ನು ಅಲ್ಲಿಂದಲೇ ಆರಂಭಿಸೋಣ.