ಕಾವಲುಗಾರನ ಮನೆಯೊಳಗೇ ಕಳ್ಳ

(ಗಬ್ಬೂರಿನ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ಟೈಫಾಯ್ಡ್ ಜ್ವರದ ಮಾತು. ಇದಕ್ಕೆ ವಿಷಮಶೀತ ಜ್ವರ ಅಂತಲೂ ಹೆಸರು. ಜ್ವರ ದಿನದಿಂದ ದಿನಕ್ಕೆ ಏರುತ್ತದೆ. ತಲೆನೋವು, ಹೊಟ್ಟೆನೋವು, ಸುಸ್ತು. ಊಟ ಸೇರುವುದಿಲ್ಲ.

ಡಾಕ್ಟರು ಗುಳಿಗೆ ಕೊಡುತ್ತಾರೆ. ಕೆಲವು ದಿನಕ್ಕೆ ಜ್ವರ ಇಳಿಯುತ್ತದೆ. ಆಗ ನಾವು ಏನಂತೀವಿ? "ಜ್ವರ ಹೋತು. ಇನ್ನ ಗುಳಿಗಿ ಯಾಕ ಬೇಕು? ಹತ್ತಿ ಬಿಡಸಾಕ ಹೋಗಬೇಕು" ಅಂತೀವಿ. ಉಳಿದ ಗುಳಿಗೆ ಮಾಡದಲ್ಲೇ ಉಳಿಯುತ್ತದೆ. ಮುಂದೆ ಜ್ವರ ತಿರುಗಿ ಬರಬಹುದು. ಹಾಗಾದರೆ ರೋಗದ ಹುಳ ಎಲ್ಲಿ ಅಡಗಿತ್ತು?

ಕೇಳಿರಿ. ಗೋಡೆಯಲ್ಲಿ ಇಟ್ಟಿಗೆ ಇರುವ ಹಾಗೆ, ನಮ್ಮ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೋಣೆಗಳಿವೆ. ಇವೇ ಜೀವಕೋಶಗಳು. ಇವುಗಳಲ್ಲಿ ಕೆಲವು ಕಾವಲುಗಾರರು. ರೋಗದ ಹುಳ ಕಂಡರೆ ನುಂಗುತ್ತವೆ. ಹುಳಿ ರಸ ಸುರಿದು ಕೊಲ್ಲುತ್ತವೆ.

ಟೈಫಾಯ್ಡ್ ತರುವ ಹುಳದ ಜಾತಿಗೆ ಸಾಲ್ಮೊನೆಲ್ಲಾ ಎಂದು ಹೆಸರು. ಕೊಳೆ ನೀರು, ನೊಣ ಕೂತ ಆಹಾರದ ಜೊತೆ ಅದು ಹೊಟ್ಟೆಗೆ ಹೋಗುತ್ತದೆ. ಕರುಳಿಗೆ ಅಂಟುತ್ತದೆ. ಅದಕ್ಕೆ ಸೂಜಿಯಂಥ ಕೊಳವೆ ಇದೆ. ಅದರಿಂದ ಜೀವಕೋಶಕ್ಕೆ ಚುಚ್ಚುತ್ತದೆ. ಆಗ ಜೀವಕೋಶ ಮೋಸ ಹೋಗಿ, ತಾನೇ ಬಾಗಿಲು ತೆರೆಯುತ್ತದೆ! ಮುಂದೆ ಕಾವಲುಗಾರ ಈ ಹುಳವನ್ನು ನುಂಗುತ್ತಾನೆ. ಆದರೆ ಹುಳ ಸಾಯುವುದಿಲ್ಲ. ಅವನ ಹೊಟ್ಟೆಯಲ್ಲೇ ಒಂದು ಚೀಲ ಮಾಡಿಕೊಂಡು ಬೆಳೆಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಶಿಖಾ ಚಕ್ರವರ್ತಿ ಎಂಬ ವಿಜ್ಞಾನಿ ಇದ್ದಾರೆ. ಅವರೂ ನಮ್ಮ ಹಾಗೆ ಹೆಣ್ಣುಮಗಳು. ಅವರು ಮತ್ತು ಜೊತೆಯವರು ಈ ಜಾತಿಯ ಹುಳವನ್ನು ಜೀವಕೋಶಗಳ ಒಳಗೆ ಬಿಟ್ಟು ನೋಡಿದರು. 2010ರಲ್ಲಿ ಕಂಡದ್ದನ್ನು ಬರೆದು ತಿಳಿಸಿದರು. ಏನು ಕಂಡರು? ಒಂದು ಹುಳ ಎರಡಾದಾಗ ಚೀಲವೂ ಎರಡಾಗುತ್ತದೆ. ಒಂದೊಂದು ಹುಳಕ್ಕೆ ಒಂದೊಂದು ಚೀಲ!

ಇದರಿಂದ ಹುಳಕ್ಕೆ ಏನು ಲಾಭ? ಹತ್ತು ಕಳ್ಳರು ಒಂದೇ ಕೋಣೆಯಲ್ಲಿದ್ದರೆ ಒಂದು ಬೀಗ ಸಾಕು. ಹತ್ತು ಕೋಣೆಯಲ್ಲಿದ್ದರೆ? ಹತ್ತು ಬೀಗ ಬೇಕು. ಹಾಗೆಯೇ ಚೀಲಗಳು ಹೆಚ್ಚುತ್ತವೆ. ಕಾವಲುಗಾರನ ಹುಳಿ ರಸದ ಗುಳ್ಳೆಗಳು ಸಾಲುವುದಿಲ್ಲ. ಅಷ್ಟೇ ಅಲ್ಲ, ಆ ಗುಳ್ಳೆಗಳೇ ಕಡಿಮೆ ಆಗುತ್ತವೆ.

ಈಗ ತಿಳಿಯಿತಲ್ಲ? ಜ್ವರ ಇಳಿದರೂ ಒಳಗೆ ಹುಳ ಉಳಿದಿರಬಹುದು. ಅದಕ್ಕೇ ಡಾಕ್ಟರು ಹೇಳಿದಷ್ಟು ದಿನ ಗುಳಿಗೆ ನುಂಗಬೇಕು. ನಡುವೆ ಬಿಡಬ್ಯಾಡ್ರಿ. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬ್ಯಾಡ್ರಿ. ಜಡ್ಡು ಜೋರಾದರೆ ಕರುಳೇ ತೂತು ಬೀಳಬಹುದು, ಜೀವಕ್ಕೆ ಅಪಾಯ. ಮೂರು ದಿನ ಜ್ವರ ಬಿಡದಿದ್ದರೆ ದವಾಖಾನೆಗೆ ಹೋಗಿ ರಕ್ತ ತೋರಿಸಿರಿ.

ಹುಳ ಬಾಯಿಗೆ ಬಾರದ ಹಾಗೆ ತಡೆಯುವುದು ಇನ್ನೂ ಒಳ್ಳೆಯದು. ಟೈಫಾಯ್ಡ್ ಹುಳ ಮನುಷ್ಯರ ಮಲದಿಂದ ನೀರಿಗೆ ಸೇರುತ್ತದೆ. 2022ರಲ್ಲಿ ನಮ್ಮ ರಾಯಚೂರು ನಗರದಲ್ಲಿ ಕೊಳೆ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತರು. ಟೈಫಾಯ್ಡ್ ಬರುವುದೂ ಅದೇ ದಾರಿಯಲ್ಲಿ. ಕಾಲುವೆ ನೀರಿರಲಿ, ನಳದ ನೀರಿರಲಿ, ಕೊತಕೊತ ಕುದಿಸಿ ಆರಿಸಿ ಕುಡಿಯಿರಿ. ಕೊಡಕ್ಕೆ ಕೈ ಅದ್ದಬ್ಯಾಡ್ರಿ, ಉದ್ದ ಹಿಡಿಕೆಯ ಸೌಟು ಇಡಿರಿ. ಪಾಯಖಾನೆಗೆ ಹೋಗಿ ಬಂದ ಮೇಲೆ, ರೊಟ್ಟಿ ಬಡಿಯುವ ಮುಂಚೆ, ಸಾಬೂನಿನಿಂದ ಕೈ ತೊಳೆಯಿರಿ. ನಳದಲ್ಲಿ ರಾಡಿ ನೀರು ಬಂದರೆ ನಾಲ್ಕು ಮಂದಿ ಕೂಡಿ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಿರಿ.

ಈಗ ನಮಗೆ ಅಕ್ಷರ ಬಂದಿದೆ. ಡಾಕ್ಟರ ಚೀಟಿಯಲ್ಲಿ ಎಷ್ಟು ದಿನ ಅಂತ ಕನ್ನಡದಲ್ಲಿ ಬರೆಸಿಕೊಳ್ಳಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿರಿ. ಕೊನೆಯ ಗೀಟು ಬೀಳುವ ತನಕ ಗುಳಿಗೆ ತಪ್ಪಬಾರದು.