ಗುರು ಹೊರಿಸಿದ ಹೊರೆ



ನವೆಂಬರ್ ತಿಂಗಳ ಮೊದಲ ದಿನ ನಮಗೆ ಎರಡು ಹಬ್ಬಗಳು. ಧರ್ಮಸಭೆಯಲ್ಲಿ ಸಕಲ ಸಂತರ ಮಹೋತ್ಸವ, ನಾಡಿನಲ್ಲಿ ಕನ್ನಡ ರಾಜ್ಯೋತ್ಸವ. ಮರುದಿನ ಅಗಲಿದವರೆಲ್ಲರ ಸ್ಮರಣೆ. ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಮ್ಮ ತಂದೆತಾಯಿಯರನ್ನೂ ಅಜ್ಜ ಅಜ್ಜಿಯರನ್ನೂ ನೆನೆಯುತ್ತೇವೆ. ಈ ಸಲ ಆ ನೆನಪಿನ ಸಾಲಿಗೆ ಇನ್ನೊಬ್ಬರನ್ನು ಸೇರಿಸೋಣ. ಅವರು ನಮ್ಮ ರಕ್ತಸಂಬಂಧಿಗಳಲ್ಲದಿರಬಹುದು. ಆದರೆ ನಮ್ಮ ಬಾಳಿಗೊಂದು ಕೆಲಸವನ್ನು ತೋರಿಸಿಕೊಟ್ಟು, ತಾವು ತೆರಳಿದವರು. ಹೆತ್ತವರು ನಮಗೆ ಜೀವ ಕೊಟ್ಟರು. ಆ ಜೀವ ಯಾತಕ್ಕಾಗಿ ಎಂಬುದನ್ನು ಹೇಳಿಕೊಟ್ಟವರು ಗುರುಗಳು.

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹಾವೇರಿಯ ಪಕ್ಕದಲ್ಲೇ ಅಗಡಿ ಎಂಬ ಊರಿದೆ. ಅಲ್ಲಿನ ಆನಂದವನದಲ್ಲಿ ಶೇಷಾಚಲ ಸದ್ಗುರುಗಳೆಂಬ ಸಾಧುಗಳಿದ್ದರು. ಅವರ ಪ್ರಭಾವಕ್ಕೆ ಒಳಗಾದವರಲ್ಲಿ ಒಬ್ಬರು ಶಾಲಾ ಮಾಸ್ತರರು. ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ತುಂಗಭದ್ರೆಯ ದಡದ ಗಳಗನಾಥ ಎಂಬ ಊರಿನಲ್ಲಿ 1869ರಲ್ಲಿ ಹುಟ್ಟಿದವರು. ಆ ಊರಿನ ಹೆಸರಿನಿಂದಲೇ ಕನ್ನಡ ನಾಡು ಅವರನ್ನು ಗುರುತಿಸಿತು.

ಆ ಕಾಲವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳೋಣ. ನಮ್ಮ ಈ ಭಾಗವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದುಬರಹ ಬಲ್ಲವರಲ್ಲಿ ಮರಾಠಿಯದೇ ಪ್ರಾಬಲ್ಯ. ಕನ್ನಡಕ್ಕಾಗಿ ದುಡಿಯಲು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಿದ್ದವರಿಗೆ ಕನ್ನಡದಲ್ಲಿ ಓದಲು ಕಥೆ ಕಾದಂಬರಿಗಳು ಬಲು ಕಡಿಮೆ. ಕೊಂಡು ಓದುವವರು ಇನ್ನೂ ಕಡಿಮೆ. ಇಂಥ ಹೊತ್ತಿನಲ್ಲಿ, 1907ರಲ್ಲಿ, ಅಗಡಿಯಂಥ ಹಳ್ಳಿಯಿಂದ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಡತೊಡಗಿತು. ಪ್ರೇರಣೆ ಗುರುವಿನದು, ದುಡಿಮೆ ಶಿಷ್ಯನದು. ಗಳಗನಾಥರು ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಕೊಟ್ಟರು. ಕೆಲವನ್ನು ಮರಾಠಿಯಿಂದ ತಂದರು, ಕೆಲವನ್ನು ತಾವೇ ರಚಿಸಿದರು. ವಿಜಯನಗರದ ಉದಯವನ್ನು ಕುರಿತ 'ಮಾಧವ ಕರುಣಾ ವಿಲಾಸ' ಅವುಗಳಲ್ಲಿ ಹೆಸರಾದದ್ದು.

ಬರೆದರೆ ಸಾಕೇ? ಓದುವವರು ಬೇಕಲ್ಲ! ಗಳಗನಾಥರು ಪುಸ್ತಕದ ಹೊರೆಯನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರೆಂದು ನಾಡು ಇಂದಿಗೂ ನೆನೆಯುತ್ತದೆ. ಬರೆದ ಕೈಯೇ ಹೊರೆಯನ್ನೂ ಎತ್ತಿತು. ಅಂದಿನ ದಿನಗಳಲ್ಲಿ ಒಬ್ಬ ವಿದ್ವಾಂಸನಿಗೆ ಇದು ಮರ್ಯಾದೆಯ ಕೆಲಸವಾಗಿ ಕಾಣುತ್ತಿರಲಿಲ್ಲ. ಆದರೆ ತಾನು ಹಿಡಿದ ಕೆಲಸ ಜನರ ಮನೆ ಮುಟ್ಟಬೇಕು ಎಂಬ ಹಂಬಲದ ಮುಂದೆ ಮರ್ಯಾದೆಯ ಮಾತು ದೊಡ್ಡದಾಗಲಿಲ್ಲ. 1942ರಲ್ಲಿ ಅವರು ತೀರಿಕೊಂಡರು. ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ತಾವು ಬಿತ್ತಿದ್ದರ ಸುಗ್ಗಿಯನ್ನು ಅವರು ಕಾಣಲಿಲ್ಲ, ಉಣ್ಣುತ್ತಿರುವವರು ನಾವು.

ಪ್ರಿಯರೇ, ಈ ಗುರು ಶಿಷ್ಯರಿಂದ ನಾವು ಕಲಿಯಬೇಕಾದದ್ದು ಏನು?

ಮೊದಲನೆಯದಾಗಿ, ಒಳ್ಳೆಯ ಗುರು ಶಿಷ್ಯನನ್ನು ತನ್ನ ಅಚ್ಚಿನಲ್ಲಿ ಎರಕ ಹೊಯ್ಯುವುದಿಲ್ಲ. ಗುರು ಆಶ್ರಮದಲ್ಲಿದ್ದರು, ಶಿಷ್ಯ ಊರೂರು ತಿರುಗಿದರು. ದಾರಿ ಬೇರೆಯಾದರೂ ಗುರಿ ಒಂದೇ: ಜನರಿಗೆ ಸದ್ಬೋಧೆ. ಪ್ರವಾದಿ ಎಲೀಯನು ಮೇಲೇರಿ ಹೋದಾಗ ಅವನ ಕಂಬಳಿ ಎಲೀಷನಿಗೆ ಸಿಕ್ಕಿತಲ್ಲವೇ? ಎಲೀಷನು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಪೂಜಿಸಲಿಲ್ಲ. ಅದರಿಂದ ಯೊರ್ದಾನಿನ ನೀರನ್ನು ಹೊಡೆದು, ದಾಟಿ, ಕೆಲಸಕ್ಕೆ ಹೊರಟನು. ಗುರುವಿನ ಪಟಕ್ಕೆ ಹಾರ ಹಾಕುವುದು ಸುಲಭ. ಅವರ ಕಂಬಳಿಯನ್ನು ಹೊದ್ದು ಹೊಳೆಗೆ ಇಳಿಯುವುದು ಕಷ್ಟ.

ಎರಡನೆಯದಾಗಿ, ಗುರುವಿಗೆ ಜಾತಿಯ ಬೇಲಿಯಿಲ್ಲ. ಇದೇ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಮುಸಲ್ಮಾನರು. ಅವರ ಗುರು ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು. ಎರಡೂ ಕಡೆಯವರ ಆಕ್ಷೇಪಣೆಗೆ ಇಬ್ಬರೂ ಸೊಪ್ಪು ಹಾಕಲಿಲ್ಲವೆಂದು ಜನ ಹೇಳುತ್ತಾರೆ. 1889ರಲ್ಲಿ ಶರೀಫರು ತೀರಿಕೊಂಡರೂ ಗುರುವಿನ ಹೆಸರನ್ನು ಬಿಟ್ಟು ಅವರ ಹೆಸರಿಲ್ಲ. ಅವರ ಸಮಾಧಿಗೆ ಹಿಂದೂಗಳೂ ಮುಸಲ್ಮಾನರೂ ಬಂದು ತಲೆಬಾಗುತ್ತಾರೆ. ನಮಗೆ ಅಕ್ಷರ ತಿದ್ದಿಸಿದವರು, ಕೈಕಸುಬು ಕಲಿಸಿದವರು, ಕುಗ್ಗಿದಾಗ ಬೆನ್ನು ತಟ್ಟಿದವರು ಎಲ್ಲರೂ ನಮ್ಮ ಧರ್ಮಕೇಂದ್ರದವರೇ ಆಗಿದ್ದರೇ? ಅವರ ಋಣವನ್ನು ನಾವು ಯಾವ ಬೇಲಿಯೊಳಗೆ ಕೂಡಿಡಲು ಸಾಧ್ಯ?

ಮೂರನೆಯದಾಗಿ, ಗುರುಋಣವನ್ನು ಗುರುವಿಗೇ ಹಿಂದಿರುಗಿಸಲು ಬರುವುದಿಲ್ಲ. ಅವರು ತೀರಿಹೋದ ಮೇಲಂತೂ ಆ ಬಾಗಿಲು ಮುಚ್ಚಿತು. ಅದನ್ನು ಮುಂದಿನವರಿಗೇ ಸಲ್ಲಿಸಬೇಕು. ಗಳಗನಾಥರು ತಮ್ಮ ಗುರುವಿನ ಋಣವನ್ನು ತೀರಿಸಿದ್ದು ತಾವು ಹೆಸರರಿಯದ ಸಾವಿರಾರು ಓದುಗರಿಗೆ.

ಆ ಹೊರೆ ಈಗ ಎಲ್ಲಿದೆ? ಎರಡನೆಯ ವ್ಯಾಟಿಕನ್ ಮಹಾಸಭೆಯು 1962ರಿಂದ 1965ರವರೆಗೆ ನಡೆದು, ಜನರ ಭಾಷೆಗೆ ಪೂಜಾವಿಧಿಯ ಬಾಗಿಲು ತೆರೆಯಿತು. ಇಂದು ನಾವು ಬಲಿಪೂಜೆಯಲ್ಲಿ ಕನ್ನಡದಲ್ಲಿ ಉತ್ತರ ಕೊಡುತ್ತೇವೆ, ವಾಚನಗಳನ್ನು ಕನ್ನಡದಲ್ಲಿ ಕೇಳುತ್ತೇವೆ. ಆದರೆ ಇಂದು ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡ ಆಡುತ್ತಾರೆ, ಓದಲು ತಡವರಿಸುತ್ತಾರೆ. ನಾಳೆ ವಾಚನ ಪೀಠದ ಮುಂದೆ ನಿಲ್ಲುವವರು ಯಾರು? ಅಜ್ಜಿಯ ಹಳೆಯ ಪ್ರಾರ್ಥನಾ ಪುಸ್ತಕವನ್ನು ತೆರೆಯುವವರು ಯಾರು? ತಲೆಯ ಮೇಲಿನ ಹೊರೆಯನ್ನು ಯಾರಾದರೂ ಕೆಳಗಿಟ್ಟರೆ, ಅದು ಅಲ್ಲೇ ಉಳಿಯುತ್ತದೆ.

ಆದುದರಿಂದ ಈ ನವೆಂಬರಿನಲ್ಲಿ ಮೂರು ಚಿಕ್ಕ ಕೆಲಸಗಳನ್ನು ಮಾಡೋಣ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಅಗಲಿದ ನಮ್ಮ ಗುರುವೊಬ್ಬರ ಹೆಸರನ್ನು ಬಾಯಿಬಿಟ್ಟು ಹೇಳಿ, ಅವರು ನಮಗೆ ಏನು ಕಲಿಸಿದರೆಂದು ಮಕ್ಕಳಿಗೆ ತಿಳಿಸೋಣ. ಅವರ ಮನೆಯವರು ಹತ್ತಿರದಲ್ಲಿದ್ದರೆ ಹೋಗಿ ಕಂಡು ಬರೋಣ. ಅವರ ಪಾಲಿಗೆ ಅದಕ್ಕಿಂತ ದೊಡ್ಡ ಹೂಮಾಲೆ ಇಲ್ಲ. ಮತ್ತು ದಿನಕ್ಕೆ ಹತ್ತು ನಿಮಿಷ, ಟಿ.ವಿ. ಮೊಬೈಲುಗಳನ್ನು ಆರಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದೋಣ.

ನಮ್ಮನ್ನು ನಡೆಸಿದ ಗುರುಗಳೆಲ್ಲರಿಗೂ ದೇವರು ನಿತ್ಯ ಶಾಂತಿಯನ್ನು ಅನುಗ್ರಹಿಸಲಿ. ಅವರು ಹೊರಿಸಿದ ಹೊರೆಯನ್ನು ಸಂತೋಷದಿಂದ ಹೊರುವ ಹೆಗಲನ್ನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೆನ್.