ಕತ್ತರಿಸಿದರೂ ಬೆಳೆಯುವ ಹುಳು ನಮ್ಮ ಮುಂದಿಡುವ ಪ್ರಶ್ನೆ

(ರಾಮನಗರದಲ್ಲಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹುಳುವಿನ ಬಗ್ಗೆ ರಾಮನಗರದವರಿಗೆ ಹೊರಗಿನವರು ಬಂದು ಪಾಠ ಹೇಳಬೇಕಾಗಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆ ಗೂಡಿನ ಮಾರುಕಟ್ಟೆ ನಿಮ್ಮ ಊರಿನಲ್ಲಿದೆ. ಒಂದು ಪುಟ್ಟ ಹುಳು ನೂಲುವ ಎಳೆಯನ್ನು ನಂಬಿ ಇಲ್ಲಿನ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ. ಆದರೆ ನಾನಿಂದು ಮಾತನಾಡಲಿರುವುದು ಇನ್ನೊಂದು ಹುಳುವಿನ ಕುರಿತು. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಅದು ನೂಲನ್ನೂ ಕೊಡುವುದಿಲ್ಲ. ಆದರೂ ಇಲ್ಲಿಂದ ಎರಡು ಗಂಟೆಯ ದಾರಿಯಲ್ಲಿ, ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲಿ, ವಿಜ್ಞಾನಿ ದಾಶರಥಿ ಪಾಲಕೋಡೇಟಿ ಮತ್ತು ಅವರ ಸಂಗಡಿಗರು ವರ್ಷಗಳಿಂದ ಆ ಹುಳುವಿನ ಮುಂದೆ ಕುಳಿತಿದ್ದಾರೆ. ಅದರ ಹೆಸರು ಪ್ಲನೇರಿಯಾ. ಸಿಹಿನೀರಿನಲ್ಲಿ ಬದುಕುವ, ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಒಂದು ಚಪ್ಪಟೆ ಹುಳು.

ಅದರಲ್ಲೇನಿದೆ ವಿಶೇಷ? ಅದನ್ನು ಅಡ್ಡಲಾಗಿ ಎರಡು ತುಂಡು ಮಾಡಿದರೆ ಅದು ಸಾಯುವುದಿಲ್ಲ. ತಲೆಯ ತುಂಡಿಗೆ ಬಾಲ ಮೂಡುತ್ತದೆ, ಬಾಲದ ತುಂಡಿಗೆ ತಲೆ ಮೂಡುತ್ತದೆ. ಒಂದೆರಡು ವಾರಗಳೊಳಗೆ ಕಣ್ಣು, ಮೆದುಳು ಸಹಿತ ಎರಡು ಪೂರ್ಣ ಹುಳುಗಳು ಸಿದ್ಧವಾಗುತ್ತವೆ. ಅಮೆರಿಕದ ವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ ಈ ಹುಳುವನ್ನು ಕತ್ತರಿಸುತ್ತಾ ಹೋಗಿ, ದೇಹದ 279ನೇ ಒಂದು ಭಾಗದಷ್ಟು ಚೂರಿನಿಂದಲೂ ಇಡೀ ಹುಳು ಮರಳಿ ರೂಪುಗೊಳ್ಳಬಲ್ಲದೆಂದು ದಾಖಲಿಸಿದರು. ಅವರಿಗಿಂತ ಒಂದೂವರೆ ಶತಮಾನದ ಹಿಂದೆ, 1740ರ ದಶಕದಲ್ಲಿ, ಅಬ್ರಹಾಂ ಟ್ರೆಂಬ್ಲೆ ಎಂಬವರು ಹೈಡ್ರಾ ಎಂಬ ಜೀವಿಯಲ್ಲಿ ಇದೇ ಸೋಜಿಗವನ್ನು ಕಂಡಿದ್ದರು. 1768ರಲ್ಲಿ ಇಟಲಿಯ ಸ್ಪಲಾಂಜಾನಿ, ಸಲಮಾಂಡರ್‌ನ ಕಡಿದ ಕಾಲು ಮತ್ತೆ ಬೆಳೆಯುವುದನ್ನು ಬರೆದಿಟ್ಟರು.

ನಮ್ಮ ಮನೆಯ ಗೋಡೆಯ ಹಲ್ಲಿಯನ್ನೇ ನೋಡಿ. ಬೆಕ್ಕು ಎರಗಿದಾಗ ಅದು ಬಾಲವನ್ನು ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಹೊಸ ಬಾಲ ಬರುತ್ತದೆ. ಆದರೆ ಅದು ಹಳೆಯ ಬಾಲದ ನಕಲಲ್ಲ. ಒಳಗೆ ಬೆನ್ನೆಲುಬಿನ ಮಣಿಗಳ ಬದಲು ಮೃದ್ವಸ್ಥಿಯ ಒಂದು ಕೊಳವೆ ಮಾತ್ರ ಇರುತ್ತದೆ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದವರು ಇದೇ ಮನೆಹಲ್ಲಿಯ ಬಾಲವನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ನಾವು ಪೊರಕೆಯಿಂದ ಓಡಿಸುವ ಜೀವಿಯ ಮುಂದೆ ಅವರು ನೋಟ್ ಪುಸ್ತಕ ಹಿಡಿದು ನಿಂತರು. ವಿಜ್ಞಾನಕ್ಕೆ ಬೇಕಾದ ಮೊದಲ ಅರ್ಹತೆ ಬಹುಶಃ ಇದುವೇ ಆಗಿದೆ.

ಹಾಗಾದರೆ ಪ್ಲನೇರಿಯಾದ ಗುಟ್ಟೇನು? ಅದರ ದೇಹದಲ್ಲಿ ನಿಯೋಬ್ಲಾಸ್ಟ್ ಎಂಬ ಕೋಶಗಳು ಹರಡಿಕೊಂಡಿವೆ. ಇವು ಒಂದು ಬಗೆಯ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ಚರ್ಮ, ಸ್ನಾಯು, ನರ, ಕರುಳು ಹೀಗೆ ಯಾವ ಕೋಶವಾಗಿಯೂ ಮಾರ್ಪಡುವ ಸಾಮರ್ಥ್ಯ ಅವುಗಳಿಗಿದೆ. ಗಾಯವಾದೊಡನೆ ಅವು ವಿಭಜನೆಗೊಂಡು, ಗಾಯದ ಬಾಯಿಯಲ್ಲಿ ಹೊಸ ಅಂಗಾಂಶದ ಮೊಗ್ಗೊಂದನ್ನು ಕಟ್ಟುತ್ತವೆ. ಆದರೆ ಕಟ್ಟುವ ಸಾಮಗ್ರಿ ಇದ್ದ ಮಾತ್ರಕ್ಕೆ ಮನೆ ಏಳುವುದಿಲ್ಲ, ನಕ್ಷೆಯೂ ಬೇಕು. ಇಲ್ಲಿ ತಲೆಯೋ ಬಾಲವೋ ಎಂಬುದನ್ನು ಆ ಕೋಶಗಳಿಗೆ ತಿಳಿಸುವವರು ಯಾರು? 2008ರಲ್ಲಿ ಕೆಲವು ಪ್ರಯೋಗಾಲಯಗಳು ಇದಕ್ಕೆ ಉತ್ತರದ ಒಂದು ತುದಿಯನ್ನು ಹಿಡಿದವು. ಬೀಟಾ ಕ್ಯಾಟೆನಿನ್ ಎಂಬ ಪ್ರೊಟೀನಿನ ಜೀನನ್ನು ಮೌನಗೊಳಿಸಿದಾಗ ಬಾಲ ಬರಬೇಕಾದಲ್ಲಿ ಇನ್ನೊಂದು ತಲೆ ಬಂತು! ಇನ್‌ಸ್ಟೆಮ್‌ನ ಸಂಶೋಧಕರು ಮೈಕ್ರೋ ಆರ್‌ಎನ್‌ಎ ಎಂಬ ಸೂಕ್ಷ್ಮ ಅಣುಗಳ ಬೆನ್ನು ಹತ್ತಿದರು. ಅವುಗಳಲ್ಲಿ 124ನೇ ಸಂಖ್ಯೆಯ ಗುಂಪನ್ನು ತಗ್ಗಿಸಿದರೆ ಹೊಸ ಮೆದುಳು ಮತ್ತು ಕಣ್ಣಿನ ನರಗಳ ಜೋಡಣೆ ಕ್ರಮ ತಪ್ಪುತ್ತದೆಂದು 2017ರಲ್ಲಿ ಪ್ರಕಟಿಸಿದರು.

ಇದರಿಂದ ನಮಗೇನು ಪ್ರಯೋಜನ ಎಂದು ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ಮನಸ್ಸಿನಲ್ಲೇ ಕೇಳುತ್ತಿರಬಹುದು. ನ್ಯಾಯವಾದ ಪ್ರಶ್ನೆ. ಸಾರ್ವಜನಿಕರ ತೆರಿಗೆಯ ಹಣದಿಂದ ನಡೆಯುವ ಸಂಶೋಧನೆಯ ಲೆಕ್ಕವನ್ನು ಕೇಳುವ ಹಕ್ಕು ನಿಮಗಿದೆ.

ಮನುಷ್ಯನ ದೇಹವೂ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತದೆ. ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ದಾನ ಮಾಡಿದವನಲ್ಲಿ ಉಳಿದ ಭಾಗವು ಕೆಲವೇ ತಿಂಗಳುಗಳಲ್ಲಿ ಬಹುತೇಕ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಎಳೆಯ ಮಕ್ಕಳ ಬೆರಳ ತುದಿ ಕತ್ತರಿಸಿ ಹೋದರೂ ಕೆಲವೊಮ್ಮೆ ಮರಳಿ ಬರುವುದುಂಟು. ಆದರೆ ಹೃದಯಾಘಾತವಾದರೆ ಸತ್ತ ಸ್ನಾಯುವಿನ ಜಾಗದಲ್ಲಿ ಕಲೆಯಷ್ಟೇ ಉಳಿಯುತ್ತದೆ. ಬೆನ್ನುಹುರಿ ತುಂಡಾದರೆ ಅದು ಬೆಸೆದುಕೊಳ್ಳುವುದಿಲ್ಲ. ನಮ್ಮ ನಾಡಿನ ಹೊಳೆಗಳಲ್ಲೂ ಈಜುವ ಜೀಬ್ರಾ ಮೀನಾದರೋ, ಹೃದಯದ ಕುಹರದ ಐದನೇ ಒಂದು ಭಾಗವನ್ನು ತೆಗೆದರೂ ಎರಡು ತಿಂಗಳಲ್ಲಿ ಅದನ್ನು ತುಂಬಿಕೊಳ್ಳುತ್ತದೆಂದು 2002ರಲ್ಲಿ ತಿಳಿದುಬಂತು. ಮೀನಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಿಲ್ಲ? ಹುಳುವಿನ ಕೋಶಗಳು ಬೆಳೆಯಬೇಕಾದಾಗ ಬೆಳೆದು, ನಿಲ್ಲಬೇಕಾದಾಗ ನಿಲ್ಲುತ್ತವೆ. ನಿಲ್ಲಬೇಕಾದಾಗ ನಿಲ್ಲದ ಬೆಳವಣಿಗೆಗೆ ನಾವು ಕ್ಯಾನ್ಸರ್ ಎನ್ನುತ್ತೇವೆ. ಆದ್ದರಿಂದ ಆ ಹುಳುವನ್ನು ಅರಿಯುವುದೆಂದರೆ ನಮ್ಮದೇ ರೋಗಗಳನ್ನು ಅರಿಯುವ ಹಾದಿಯಾಗಿದೆ.

ಸಹೋದರರೇ, ಇಲ್ಲಿ ನಾನು ಒಂದು ನೋವಿನ ಸಂಗತಿಯನ್ನು ಹೇಳಲೇಬೇಕು. ನನ್ನ ಪರಿಚಯದ ಕುಟುಂಬವೊಂದರ ಯುವಕ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದ. ನೂಲು ಬಿಚ್ಚಾಣಿಕೆ ಮಾಡಿ ಬದುಕಿದ ಮನೆ ಅದು. ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಮಗ ಎದ್ದು ನಡೆಯುತ್ತಾನೆಂದು ಯಾರೋ ಒಂದು ಕ್ಲಿನಿಕ್‌ನ ಕರಪತ್ರವನ್ನು ತಂದುಕೊಟ್ಟರು. ತಾಯಿಯ ಒಡವೆ ಹೋಯಿತು, ಬಳಿಕ ನಿವೇಶನವೂ ಹೋಯಿತು. ಹುಡುಗ ಇಂದಿಗೂ ಎದ್ದಿಲ್ಲ. ಆ ತಂದೆ ನನ್ನೊಡನೆ ಹೇಳಿದ್ದಿಷ್ಟೆ: "ಹಲ್ಲಿಗೆ ಬಾಲ ಬರುತ್ತದಲ್ಲ ಸಾರ್, ಹಾಗೆಯೇ ಇದೂ ಆಗುತ್ತದೆ ಅಂದರು." ಆತನನ್ನು ಮೂರ್ಖನೆನ್ನುವ ಧೈರ್ಯ ನನಗಿಲ್ಲ. ಮಗನಿಗಾಗಿ ಯಾವ ತಂದೆ ತಾನೇ ನಂಬದಿರುತ್ತಾನೆ? ಆದರೆ ಪ್ರಯೋಗಾಲಯದ ಅರೆ ಸತ್ಯವನ್ನು ಮಾರಾಟದ ಸರಕಾಗಿಸಿದವರನ್ನು ಏನೆಂದು ಕರೆಯಬೇಕು?

ಈ ಬಗ್ಗೆ ಮಾರ್ಗಸೂಚಿ ಇಲ್ಲವೆಂದೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಜೈವಿಕ ತಂತ್ರಜ್ಞಾನ ಇಲಾಖೆಯೊಂದಿಗೆ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯು ಸ್ಪಷ್ಟವಾಗಿದೆ. ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ, ಅಸ್ಥಿಮಜ್ಜೆಯ ಕಸಿಯಂತಹ ಚಿಕಿತ್ಸೆಗಳನ್ನು ಹೊರತುಪಡಿಸಿ, ಸ್ಟೆಮ್ ಸೆಲ್‌ಗಳನ್ನು ಸಾಮಾನ್ಯ ಚಿಕಿತ್ಸೆಯೆಂದು ನೀಡುವಂತಿಲ್ಲ. ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಅವುಗಳನ್ನು ಬಳಸಬಹುದು. ಆದರೆ ದಿಲ್ಲಿಯಲ್ಲಿ ಅಚ್ಚಾದ ಆ ಮಾರ್ಗಸೂಚಿ ಕರಪತ್ರದಷ್ಟು ವೇಗವಾಗಿ ಮಾಗಡಿಯ, ಕನಕಪುರದ ಹಳ್ಳಿಗಳನ್ನು ತಲುಪುವುದಿಲ್ಲ. ಅದನ್ನು ಕನ್ನಡದಲ್ಲಿ ಜನರ ಮನೆಬಾಗಿಲಿಗೆ ಮುಟ್ಟಿಸುವ ಹೊಣೆ ಯಾರದು? ಸರಕಾರದ್ದು ಹೌದು. ಓದಿದ ನಿಮ್ಮದೂ ಹೌದು. ಇನ್ನು ಮುಂದೆ ಯಾರಾದರೂ ಇಂತಹ ಚಿಕಿತ್ಸೆಯ ಮಾತೆತ್ತಿದರೆ ಎರಡು ಪ್ರಶ್ನೆ ಕೇಳಿ: ಇದು ಅನುಮತಿ ಪಡೆದ ಪ್ರಯೋಗವೇ? ಪ್ರಯೋಗವಾದರೆ ರೋಗಿಯಿಂದಲೇ ಹಣ ವಸೂಲಿ ಮಾಡುವುದೇಕೆ?

ಹಾಗೆಂದು ಆಸೆಯನ್ನೇ ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರು ಇಲಿಯ ಸಾಮಾನ್ಯ ಚರ್ಮಕೋಶವನ್ನು ಮರಳಿ ಕಾಂಡಕೋಶದ ಸ್ಥಿತಿಗೆ ಒಯ್ಯಬಹುದೆಂದು ತೋರಿಸಿದರು. 2012ರಲ್ಲಿ ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ನಿಮ್ಮ ಬಾಣಲೆಯಲ್ಲಿ ಬಿಚ್ಚಿಕೊಳ್ಳುವ ರೇಷ್ಮೆ ಎಳೆಯ ಫೈಬ್ರಾಯಿನ್ ಎಂಬ ಪ್ರೊಟೀನನ್ನೇ ಚಪ್ಪರದಂತೆ ಬಳಸಿ, ಅದರ ಮೇಲೆ ಜೀವಕೋಶಗಳನ್ನು ಬೆಳೆಸುವ ಪ್ರಯತ್ನ ಗುವಾಹಟಿಯ ಐಐಟಿ ಸಹಿತ ಹಲವೆಡೆ ನಡೆದಿದೆ. ಆದರೆ ವಿಜ್ಞಾನದ ಆಸೆಗೆ ತಾಳ್ಮೆಯೆಂಬ ಕಡಿವಾಣವಿರುತ್ತದೆ. ಮಾರ್ಗನ್ ಹುಳುವನ್ನು ಕತ್ತರಿಸಿದ ದಿನದಿಂದ ಬಾಲದಲ್ಲಿ ತಲೆ ಮೂಡಿಸುವ ಜೀನು ಕೈಗೆ ಸಿಗುವವರೆಗೆ 110 ವರ್ಷಗಳು ಹಿಡಿದವು.

ಕೊನೆಯದಾಗಿ, ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸಿ ಬೆರಳುಗಳ ಚರ್ಮ ಸುಲಿದುಕೊಂಡ ತಂದೆತಾಯಂದಿರು ಈ ಸಭೆಯಲ್ಲಿದ್ದಾರೆ. ಗಾಯ ಹೇಗೆ ಮಾಯುತ್ತದೆ ಎಂಬ ಪ್ರಶ್ನೆಯನ್ನು ಕೇಳಲು ಈ ಊರಿನ ಮಕ್ಕಳಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ? ಆದರೆ ಆ ಪ್ರಶ್ನೆ ಕೇಳಬೇಕಾದ ಮಗುವನ್ನು ನಾವು ಹತ್ತನೇ ತರಗತಿಯ ನಂತರ ಚರಕದ ಮುಂದೆ ಕೂರಿಸಿಬಿಟ್ಟರೆ, ಜಿಕೆವಿಕೆಯ ಆ ಪ್ರಯೋಗಾಲಯವು ಎಷ್ಟೇ ಹತ್ತಿರವಿದ್ದರೂ ಅದು ನಮಗೆ ದೂರವೇ. ತುಂಡಾದ ಹುಳು ಮತ್ತೆ ಬೆಳೆಯುತ್ತದೆ. ತುಂಡಾದ ಓದು ಹಾಗೆ ತಾನಾಗಿ ಬೆಳೆಯುವುದಿಲ್ಲ, ಅದನ್ನು ನಾವೇ ಬೆಳೆಸಬೇಕು. ಈ ಸಲ ಪಿಯುಸಿ ವಿಜ್ಞಾನಕ್ಕೆ ಸೇರಲು ಬಯಸುವ ಹುಡುಗಿ ನಿಮ್ಮ ಮನೆಯಲ್ಲಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವಳ ಮಾತನ್ನು ಪೂರ್ತಿಯಾಗಿ ಕೇಳಿರೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.